ಅರ್ಧ ಸುತ್ತು

ಎರಡನೇ ಕೋಣೆಯ ಪುಸ್ತಕವನ್ನು ಒಂದನೇ ಕೋಣೆಯ ಪುಸ್ತಕ ನೋಡಿಕೊಂಡು ನಕಲು ಮಾಡಲಾಗಿತ್ತು. ಒಟ್ಟು ನೂರಾ ಹದಿನೆಂಟು ಗಾಜಿನ ತಟ್ಟೆಗಳಲ್ಲಿ ಮೊದಲ ಒಂಬತ್ತು ಬಿಟ್ಟು ಎಲ್ಲವೂ, ನಾಲ್ಕು ಸಾವಿರಕ್ಕೆ ಮಿಕ್ಕಿದ ನಮೂದುಗಳು, ಎರಡು ವರ್ಷದ ಕೆಲಸ. ನಕಲು ಎಂದು ಗೊತ್ತಾಗದಿರಲೆಂದು ನೂರಕ್ಕೆ ಆರರಂತೆ ನಮೂದುಗಳನ್ನು ಬೇಕೆಂದೇ ಬಿಡಲಾಗಿತ್ತು.

ಕಣ್ಣಕ್ಕನಿಗೆ ಇದು ಗೊತ್ತಾದದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಟೀ ಬರುವ ಹೊತ್ತಿಗೆ. ಅಲ್ಲಿಯವರೆಗೆ ಅವಳ ಕಾಲು ನೆಲದ ಮೇಲಿರಲಿಲ್ಲ.

ಕಣ್ಣಕ್ಕ ಎನ್ನುವುದು ಸಂಸ್ಥೆಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವುದು. ಹಳೆಯ ಕಾಲದ ಫೋಟೋ ಗಾಜಿಗೆ ಬಳಿಯುತ್ತಿದ್ದಂಥದೇ ಲೇಪ, ಆದರೆ ದಪ್ಪನೆಯದು, ಅಂಗೈಯಗಲದ ಗಾಜಿನ ಮೇಲೆ. ಆ ತಟ್ಟೆಗಳನ್ನು ದೂರದಲ್ಲೆಲ್ಲೋ ಕಣಗಳನ್ನು ಓಡಿಸುವ ದೈತ್ಯ ಯಂತ್ರದ ಬಾಯಿಗೆ ಹಿಡಿದು, ತೊಳೆದು, ಒಣಗಿಸಿ ಇಲ್ಲಿಗೆ ಕಳಿಸುತ್ತಾರೆ. ಕಣವೊಂದು ಹೋದ ದಾರಿ ಲೇಪದೊಳಗೆ ಕಪ್ಪು ಚುಕ್ಕೆಗಳ ಗೆರೆಯಾಗಿ ಉಳಿದಿರುತ್ತದೆ. ಕಣ ಯಾವುದಾದರೂ ಪರಮಾಣುವಿನ ಬೀಜಕ್ಕೆ ನುಗ್ಗಿ ಅದನ್ನು ಒಡೆದಿದ್ದರೆ, ಚೂರುಗಳು ನಾಲ್ಕೂ ಕಡೆ ಚಿಮ್ಮಿದ ಗೆರೆಗಳು ಕಾಣುತ್ತವೆ. ಅದಕ್ಕೆ ನಕ್ಷತ್ರ ಎನ್ನುತ್ತಾರೆ. ಎಲ್ಲಿ ನಕ್ಷತ್ರ ಕಂಡಿತು, ತಟ್ಟೆಯ ಮೂಲೆಯ ಗೀಟಿನಿಂದ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು, ಎಷ್ಟು ಗೆರೆ, ಎಂಥ ಗೆರೆ ಎಂದು ಪುಸ್ತಕದಲ್ಲಿ ಬರೆಯಬೇಕು.

ಬೀಜದೊಳಗಿನ ಪ್ರೋಟಾನುಗಳು ಓರಗಿತ್ತಿಯರಿದ್ದ ಹಾಗೆ. ಒಂದಕ್ಕೊಂದು ಕಂಡರೆ ಆಗದು, ದೂರ ತಳ್ಳುತ್ತವೆ. ಆದರೂ ಅವನ್ನೆಲ್ಲ ಒಂದೇ ಸೂರಿನಡಿ ಬಿಗಿದು ಹಿಡಿಯುವ ಬಲವೊಂದಿದೆ. ಪುಸ್ತಕದವರು ಅದನ್ನು ಪ್ರಬಲ ಬಲ ಎನ್ನುತ್ತಾರೆ, ಒಂದನೇ ಕೋಣೆಯಲ್ಲಿ ಅದಕ್ಕೆ ಅತ್ತೆಬಲ ಎಂದು ಹೆಸರು. ಅದರಷ್ಟು ಗಟ್ಟಿಯಾದದ್ದು ಜಗತ್ತಿನಲ್ಲಿ ಬೇರೊಂದಿಲ್ಲ, ಆದರೆ ಮೈಗೆ ಮೈ ತಾಕುವಷ್ಟು ಹತ್ತಿರವಿದ್ದರಷ್ಟೇ ಹಿಡಿತ. ಒಂದು ಹೆಜ್ಜೆ ಆಚೆ ಸರಿದರೆ ಅತ್ತೆ ಇದ್ದಾಳೋ ಇಲ್ಲವೋ ಎನ್ನುವ ಹಾಗೆ.

ಈ ಬಲದ ಗುಟ್ಟು ತಿಳಿಯಬೇಕಾದರೆ ಒಂದು ಅಪರೂಪದ ನಕ್ಷತ್ರ ಬೇಕು. ವಿಚಿತ್ರ ಕಣ ಎಂದೇ ಹೆಸರಿರುವ ಕಣವೊಂದು ಒಡೆದ ಚೂರಿನಲ್ಲಿ ಸಿಕ್ಕಿಕೊಂಡಿದ್ದರೆ, ಆ ಚೂರು ಕೂದಲೆಳೆಯಷ್ಟು ದೂರವೂ ಹೋಗದೆ ಮತ್ತೆ ಒಡೆಯುತ್ತದೆ. ಅಂಥವು ಎರಡು ಒಂದೇ ಚೂರಿನಲ್ಲಿ ಸಿಕ್ಕಿಕೊಂಡಿದ್ದರೆ ಚೂರಿನ ಚೂರೂ ಒಡೆಯುತ್ತದೆ. ಆಗ ಮೂರು ನಕ್ಷತ್ರಗಳು ದಾರಕ್ಕೆ ಪೋಣಿಸಿದಂತೆ ಕಾಣುತ್ತವೆ. ಅದೇ ಮೂರುಮಣಿ. ಆ ದಾರದ ಉದ್ದ ಅಳೆದರೆ ಎರಡು ವಿಚಿತ್ರ ಕಣಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಅಪ್ಪಿದ್ದವು ಎಂದು ಲೆಕ್ಕ ಹಾಕಬಹುದಂತೆ. ಇಪ್ಪತ್ತೆರಡು ವರ್ಷದಲ್ಲಿ ಕಣ್ಣಕ್ಕ ಕಂಡದ್ದು ಒಂದೇ ಒಂದು. ಕಳೆದ ವರ್ಷ, ಅರವತ್ತೊಂದನೇ ತಟ್ಟೆಯಲ್ಲಿ.

ಸಂಸ್ಥೆಯಲ್ಲಿ ಒಂದು ಗಾದೆಯಿತ್ತು: ಒಂದು ಕಣ್ಣು ಕಂಡದ್ದು ಕನಸು, ಎರಡು ಕಣ್ಣು ಕಂಡದ್ದು ಕಾಣ್ಕೆ. ಒಂದನೇ ಕೋಣೆಯಲ್ಲಿ ನೋಡಿದ ತಟ್ಟೆಯನ್ನು ಎರಡನೇ ಕೋಣೆಯಲ್ಲಿ ಇನ್ನೊಬ್ಬರು ಹೊಸದಾಗಿ ನೋಡಬೇಕು. ಮೊದಲಿನವರು ಏನು ಕಂಡರೆಂದು ಅವರಿಗೆ ಗೊತ್ತಿರಬಾರದು. ಇಬ್ಬರೂ ಕಂಡದ್ದೆಷ್ಟು, ಒಬ್ಬರೇ ಕಂಡದ್ದೆಷ್ಟು ಎಂದು ತಾಳೆ ನೋಡಿದರೆ, ಇಬ್ಬರ ಕಣ್ಣಿಗೂ ಬೀಳದೆ ತಪ್ಪಿಸಿಕೊಂಡದ್ದೆಷ್ಟು ಎಂದು ಅಂದಾಜು ಸಿಗುತ್ತದೆ.

ಎರಡನೇ ಕೋಣೆಯಲ್ಲಿ ಕೂರುತ್ತಿದ್ದವಳು ಪುಟ್ಟಿ, ಕಣ್ಣಕ್ಕನ ನಾದಿನಿ. ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳನ್ನು ಕಣ್ಣಕ್ಕನೇ ಕೈಹಿಡಿದು ಕರೆತಂದು, ಎಣ್ಣೆ ಹನಿಸುವುದು, ತಟ್ಟೆ ಕೂರಿಸುವುದು, ಧೂಳಿಗೂ ನಕ್ಷತ್ರಕ್ಕೂ ಭೇದ ತಿಳಿಯುವುದನ್ನು ಕಲಿಸಿದ್ದಳು. ಒಂದೇ ಮನೆ, ಒಂದೇ ಒಲೆ, ಬೆಳಿಗ್ಗೆ ಒಂದೇ ಬಸ್ಸು. ಹಾಗಾಗಿ ಮೊದಲ ದಿನವೇ ಇಬ್ಬರೂ ಆಣೆ ಇಟ್ಟುಕೊಂಡಿದ್ದರು, ಮನೆಯಲ್ಲಿ ಕೋಣೆಯ ಮಾತಿಲ್ಲ. ಬಸ್ಸು ಓಡಿಸುವ ಕಣ್ಣಕ್ಕನ ಗಂಡನಿಗೆ ಇದೊಂದು ನಗೆಪಾಟಲು.

"ಮನೇಲಿ ಇಬ್ರು ವಿಜ್ಞಾನಿಗಳು," ಎನ್ನುತ್ತಿದ್ದ ಸಾರಿಗೆ ಕೈಯಿಟ್ಟು. "ಉಪ್ಪು ಎರಡು ಸಲ ಬಿದ್ದಿದೆ. ಒಬ್ರು ಹಾಕಿದ್ದು ಇನ್ನೊಬ್ರಿಗೆ ಗೊತ್ತಾಗಬಾರದು ಅಂತ ಇದಕ್ಕೂ ಕಾನೂನಿದೆಯೇನ್ರಮ್ಮಾ?"

ಮೂರುಮಣಿ ಕಂಡ ದಿನ ಕಣ್ಣಕ್ಕ ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಹೇಳದೆ ಹೊಟ್ಟೆ ಉಬ್ಬರಿಸಿತ್ತು. ಪುಟ್ಟಿ ಬೆನ್ನಿಗೆ ಬೆನ್ನು ತಾಗಿಸಿ ಬಟ್ಟೆ ಮಡಿಸುತ್ತಿದ್ದಳು. ಅವಳೂ ನಾಳೆ ನಾಡಿದ್ದು ಅದೇ ತಟ್ಟೆಯಲ್ಲಿ ಅದೇ ಜಾಗಕ್ಕೆ ಬಂದು ಬೆಚ್ಚಿಬೀಳುತ್ತಾಳಲ್ಲ ಎಂದು ನೆನೆದು ಕಣ್ಣಕ್ಕ ಒಬ್ಬಳೇ ನಕ್ಕಿದ್ದಳು.

ಈಗ ಮೂರುಮಣಿಯ ಕುರಿತ ಪ್ರಬಂಧ ಸಿದ್ಧವಾಗಿತ್ತು. ಇಷ್ಟು ವರ್ಷ ಪ್ರತಿ ಪ್ರಬಂಧದ ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಸಹಾಯಕ ಸಿಬ್ಬಂದಿಗೆ ಕೃತಜ್ಞತೆಗಳು" ಎಂದಿರುತ್ತಿತ್ತು. ಸಹಾಯಕ ಸಿಬ್ಬಂದಿ ಎಂದರೆ ಕಣ್ಣಕ್ಕ, ಪುಟ್ಟಿ, ಇವರಿಗಿಂತ ಮೊದಲು ಬಂದು ಕಣ್ಣು ಸವೆಸಿಕೊಂಡು ಹೋದ ಇಪ್ಪತ್ತು ಮೂವತ್ತು ಹೆಂಗಸರು. ಈ ಸಲ ದೊಡ್ಡವರೇ, ಅಂದರೆ ತಂಡದ ಮುಖ್ಯಸ್ಥರೇ, ಕರೆದು ಕರಡು ಪ್ರತಿ ಕೊಟ್ಟರು. ನಲವತ್ತೆರಡು ಹೆಸರುಗಳ ಬಾಲಕ್ಕೆ ನಲವತ್ತಮೂರನೆಯದು ಅವಳದು. ಅವಳ ನಿಜವಾದ ಹೆಸರು, ಇನಿಶಿಯಲ್ ಸಮೇತ. ಗಂಡ ಅದನ್ನು ಬಸ್ಸಿನ ಮುಂಗಾಜಿಗೆ ಅಂಟಿಸುತ್ತೇನೆಂದು ಕುಣಿದ. ಪುಟ್ಟಿ ನೋಡಿ, "ಒಳ್ಳೇದಾಯ್ತು ಅತ್ತಿಗೆ," ಎಂದು ಊಟ ಬಿಟ್ಟು ಎದ್ದುಹೋದಳು. ತನ್ನ ಹೆಸರಿಲ್ಲವೆಂದು ನೊಂದಳೇನೋ ಎಂದುಕೊಂಡು ಕಣ್ಣಕ್ಕ, ದೊಡ್ಡವರಿಗೆ ಹೇಳಿ ನಲವತ್ತನಾಲ್ಕನೆಯದು ಹಾಕಿಸಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಸೋಮವಾರ ತಾಳೆ ನೋಡುವ ದಿನ. ಅಂಕಿಗಳ ಲೆಕ್ಕ ಆಗಲೇ ಮುಗಿದಿರುತ್ತದೆ; ಪತ್ರಿಕೆಗೆ ಕಳಿಸುವ ಮುನ್ನ ಕೊನೆಯ ಪರೀಕ್ಷೆಗೆಂದು ಎರಡೂ ಮೂಲ ಪುಸ್ತಕಗಳನ್ನು ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಬಿಡಿಸಿಡುತ್ತಾರೆ. ಕಣ್ಣಕ್ಕನ ಮುಂದೆ ಅವಳ ಪುಸ್ತಕ. ಎದುರಿಗೆ ಎರಡನೇ ಕೋಣೆಯ ಪುಸ್ತಕ ಹಿಡಿದು ಕೂತವನು ಶೇಕಡಾ. ತಂಡದ ಸಂಖ್ಯಾಶಾಸ್ತ್ರದವನು, ನಲವತ್ತು ದಾಟಿದರೂ ಮಾತೆತ್ತಿದರೆ ನೂರಕ್ಕಿಷ್ಟು ಎನ್ನುವವನು.

"ಅಕ್ಕಾ, ಟೀ ತಣ್ಣಗಿರೋ ಸಂಭವ ಎಷ್ಟು ಹೇಳಿ? ನೂರಕ್ಕೆ ತೊಂಬತ್ತು. ಉಳಿದ ಹತ್ತು ಟೀನೇ ಬರಲ್ಲ."

"ಓದೋ ಮಾರಾಯ. ಬಾಯಿ ಒಣಗಿದ್ರೆ ನೀರು ಕುಡಿ."

ಅವನು ಓದುತ್ತ ಹೋದ, ಅವಳು ತನ್ನ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕುತ್ತ ಹೋದಳು. ಹೊಂದಿತು. ಹೊಂದಿತು. ಇದು ಅಲ್ಲಿಲ್ಲ. ಹೊಂದಿತು. ಕಣ್ಣಕ್ಕನಿಗೆ ನಾದಿನಿಯ ಮೇಲೆ ಹೆಮ್ಮೆ ಉಕ್ಕಿತು. ಕಲಿಸಿದ್ದು ನೀರಿಗೆ ಹಾಕಿದ ಹಾಗಾಗಲಿಲ್ಲ.

"ತಟ್ಟೆ ಅರವತ್ತೊಂದು," ಎಂದ ಶೇಕಡಾ, ಬೆನ್ನು ನೆಟ್ಟಗೆ ಮಾಡಿ. "ಬಂತು ನೋಡಿ ನಿಮ್ಮ ಮುತ್ತಿನ ಸರ. ಅಡ್ಡ ಹದಿನೇಳು ಪಾಯಿಂಟ್ ಎರಡು ಮೂರು. ಉದ್ದ ನಲವತ್ತು ಪಾಯಿಂಟ್ ಸೊನ್ನೆ ಆರು. ಮೂರುಮಣಿ."

ಕಣ್ಣಕ್ಕನ ಪುಸ್ತಕದಲ್ಲೂ ಅಡ್ಡ 17.23, ಉದ್ದ 40.06. ಪೆನ್ಸಿಲ್ ಕಾಗದಕ್ಕೆ ತಾಕಿತು. ಗುರುತು ಹಾಕಲಿಲ್ಲ.

"ಇನ್ನೊಂದ್ಸಲ ಓದು."

"ಹದಿನೇಳು ಪಾಯಿಂಟ್ ಎರಡು ಮೂರು. ಯಾಕಕ್ಕಾ? ಅಲ್ಲೂ ಅದೇ ಇದೆಯಲ್ಲ. ಕೂದಲೆಳೆ ವ್ಯತ್ಯಾಸ ಇಲ್ಲ."

ಕಣ್ಣಕ್ಕ ತನ್ನ ಬರಹವನ್ನೇ ಬೆರಳಿಟ್ಟು ಮತ್ತೊಮ್ಮೆ ಓದಿದಳು.

ಮೂರುಮಣಿ 17.23ರಲ್ಲಿ ಇರಲಿಲ್ಲ. ಎಂದೂ ಇರಲಿಲ್ಲ.

ಒಂದನೇ ಕೋಣೆಯ ಸೂಕ್ಷ್ಮದರ್ಶಕ ಹಳೆಯದು. ತಟ್ಟೆಯನ್ನು ಸರಿಸುವ ತಿರುಪು ಒಂದು ಸುತ್ತಿಗೆ ಅರ್ಧ ಮಿಲಿಮೀಟರು ಮಾತ್ರ ಸರಿಯುತ್ತದೆ. ಒಂದು ಮಿಲಿಮೀಟರಿಗೆ ಎರಡು ಸುತ್ತು. ಎರಡನೆಯ ಸುತ್ತಿನಲ್ಲಿದ್ದೇವೆ ಎಂದು ತಿಳಿಯಲು ಒಂದು ಸಣ್ಣ ಅರೆಗೀಟು ಇದೆ. ಆ ಗೀಟು ನೋಡದೆ ಓದಿದರೆ ಅರ್ಧ ಮಿಲಿಮೀಟರು ಕಡಿಮೆ ಬರೆಯುತ್ತೇವೆ. ಒಂದನೇ ಕೋಣೆಯಲ್ಲಿ ಹೊಸಬರು ಮಾಡುವ ತಪ್ಪು ಅದು, ಅರ್ಧ ಮಿಲಿಮೀಟರಿನ ತಪ್ಪು. ಇಪ್ಪತ್ತೆರಡು ವರ್ಷದ ಕೈ ಆ ತಪ್ಪು ಮಾಡಿದ್ದು ಒಂದೇ ದಿನ, ಮೂರುಮಣಿ ಕಂಡ ದಿನ. ಅರೆಗೀಟು ನೋಡುವ ವ್ಯವಧಾನವಿರಲಿಲ್ಲ. 17.73 ಇದ್ದದ್ದನ್ನು 17.23 ಎಂದು ಬರೆದಿದ್ದಳು.

ಅಂದು ಮಧ್ಯಾಹ್ನವೇ ತಪ್ಪು ಗೊತ್ತಾಗಿತ್ತು. ಆದರೆ ಪುಸ್ತಕದ ಸಾಲಿನಲ್ಲಿ ಒಮ್ಮೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ತಿದ್ದುವಂತಿಲ್ಲ. ಸಂಸ್ಥೆಯ ಕಟ್ಟಳೆ ಅದು. ತಿದ್ದುಪಡಿಗೆ ಪುಸ್ತಕದ ಕೊನೆಯ ಹಾಳೆ, ಕೆಂಪು ಪೆನ್ಸಿಲ್. ಅವಳು ಹಾಗೇ ಮಾಡಿದ್ದಳು. ಆಮೇಲೆ ದಾರದ ಉದ್ದ ಅಳೆಯುವವರಿಗೆ ತಾನೇ ತಟ್ಟೆ ಕೂರಿಸಿ ಜಾಗ ತೋರಿಸಿದ್ದರಿಂದ ಅಂಕಿಯ ಗೋಜಿಗೆ ಯಾರೂ ಹೋಗಿರಲಿಲ್ಲ.

ಕಣ್ಣಕ್ಕ ಪುಸ್ತಕವನ್ನು ಮಗುಚಿ ಕೊನೆಯ ಹಾಳೆ ತೆಗೆದು ಶೇಕಡಾನ ಕಡೆ ತಿರುಗಿಸಿದಳು. ಅಲ್ಲಿ ಒಂದೇ ಸಾಲಿತ್ತು. ಕೆಂಪಗೆ.

ಶೇಕಡಾ ಓದಿದ. ತನ್ನ ಕೈಯ ಪುಸ್ತಕ ನೋಡಿದ. ಮತ್ತೆ ಕೆಂಪು ಸಾಲು ನೋಡಿದ.

"ಅವರಿಗೂ ಕೈ ತಪ್ಪಿರಬಹುದು," ಎಂದ. ದನಿ ಹಗುರವಾಗಿರಲಿಲ್ಲ.

"ಎರಡನೇ ಕೋಣೆ ಬೀಗದ ಕೈ ನಿನ್ನ ಹತ್ರ ಇದೆಯಲ್ಲ. ತಗೊಂಡು ಬಾ."

ಪುಟ್ಟಿ ಕೋಣೆಯಲ್ಲಿರಲಿಲ್ಲ. ಗುರುವಾರ ಅತಿಥಿಗಳು ಬರುತ್ತಾರೆಂದು ಅವಳನ್ನು ಸಭಾಂಗಣದಲ್ಲಿ ಕುರ್ಚಿ ಜೋಡಿಸಲು ಕಳಿಸಿದ್ದರು. ಆಣೆಯ ಕಾರಣದಿಂದ ಎರಡು ವರ್ಷ ಕಣ್ಣಕ್ಕ ಈ ಬಾಗಿಲ ಹೊಸ್ತಿಲು ದಾಟಿರಲಿಲ್ಲ. ಒಳಗೆ ಮುಗ್ಗಲು ವಾಸನೆ. ಮೇಜಿನ ಮೇಲೆ ಆಮಂತ್ರಣ ಪತ್ರಗಳ ಕಟ್ಟು, ಗೋಂದಿನ ಸೀಸೆ, ಟೀ ಲೋಟಗಳ ತಟ್ಟೆ. ಸೂಕ್ಷ್ಮದರ್ಶಕಕ್ಕೆ ಹೊದಿಸಿದ ಬಟ್ಟೆ ಎತ್ತಿದರೆ ಅದರ ಮಡಿಕೆಯ ಗುರುತು ಲೋಹದ ಮೇಲೆ ಧೂಳಿನಲ್ಲಿ ಅಚ್ಚಾಗಿತ್ತು. ಮಸೂರಕ್ಕೆ ಹನಿಸುವ ಎಣ್ಣೆಯ ಪುಟ್ಟ ಸೀಸೆಯನ್ನು ಕಣ್ಣಕ್ಕ ಓರೆ ಮಾಡಿದಳು. ಎಣ್ಣೆ ಹರಿಯಲಿಲ್ಲ. ಅಂಟುಗಟ್ಟಿ ತಳ ಹಿಡಿದಿತ್ತು. ದಿನಕ್ಕೆ ಹತ್ತು ಹನಿ ಬೇಕಾಗುವ ಕೆಲಸ ಅದು.

ಆಮೇಲೆ ತಿರುಪು ನೋಡಿದಳು. ಒಂದು ಸುತ್ತಿಗೆ ನೂರು ಗೀಟು. ಒಂದು ಸುತ್ತು, ಒಂದು ಮಿಲಿಮೀಟರು. ಅರೆಗೀಟು ಎನ್ನುವುದೇ ಇಲ್ಲ. ಎಣಿಕೆ ತಪ್ಪಲು ಎರಡನೆಯ ಸುತ್ತೇ ಇಲ್ಲ. ಈ ಯಂತ್ರದ ಮುಂದೆ ಕೂತವರು ಬೇರೆ ನೂರು ತಪ್ಪು ಮಾಡಬಹುದು, ಆ ತಪ್ಪನ್ನು ಮಾತ್ರ ಮಾಡಲಾರರು.

ಶೇಕಡಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕಣ್ಣಕ್ಕ ತನ್ನ ಕೋಣೆಯ ಎಣ್ಣೆ ತಂದು ಹನಿಸಿ, ಅರವತ್ತೊಂದನೇ ತಟ್ಟೆ ಕೂರಿಸಿ, ಅಡ್ಡ 17.23ಕ್ಕೆ ತಂದು ಅವನನ್ನು ಕರೆದಳು.

"ನೋಡು. ಏನಿದೆ?"

ಅವನು ಬಹಳ ಹೊತ್ತು ನೋಡಿದ.

"ಏನಿಲ್ಲ. ಮಂಜು. ಒಂದೆರಡು ಗೆರೆ ಸುಮ್ಮನೆ ಹಾದುಹೋಗಿವೆ."

ತಿರುಪನ್ನು ಅವಳು ಅವನ ಕಣ್ಣಿನಡಿಯೇ ಅರ್ಧ ಸುತ್ತು ತಿರುಗಿಸಿದಳು. ಅವನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು.

"ಅಕ್ಕಾ..." ತಲೆಯೆತ್ತಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ನಾನು ಈ ಪುಸ್ತಕದ ಮೇಲೇ ಎಲ್ಲಾ ಲೆಕ್ಕ ಹಾಕಿದ್ದೀನಿ. ಇಬ್ಬರೂ ಕಂಡಿದ್ದು ನೂರಕ್ಕೆ ತೊಂಬತ್ತನಾಲ್ಕು ಅಂತ ಬಂದಾಗ ಸ್ವೀಟ್ ಹಂಚಿದ್ದೆ ಅಕ್ಕಾ."

ಇದು ಆಗುವ ಸಂಭವ ಎಷ್ಟು ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಸಭಾಂಗಣದಲ್ಲಿ ಪುಟ್ಟಿ ಒಬ್ಬಳೇ ಇದ್ದಳು. ಕುರ್ಚಿಗಳನ್ನು ಸಾಲು ಹಿಡಿಸಲು ಒಂದೊಂದರ ಬೆನ್ನನ್ನೂ ಕೈಯಿಂದ ತಡವುತ್ತ ನಡೆಯುತ್ತಿದ್ದಳು. ಮನೆಯಲ್ಲಿ ಅಕ್ಕಿ ಆರಿಸುವಾಗ ಮೊರವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದದ್ದು, ಬಸ್ಸಿನ ನಂಬರನ್ನು ಯಾವಾಗಲೂ ತನ್ನನ್ನೇ ಕೇಳುತ್ತಿದ್ದದ್ದು ಕಣ್ಣಕ್ಕನಿಗೆ ಈಗ ಒಂದರ ಹಿಂದೊಂದು ನೆನಪಾದವು. ಲೋಕದ ನಕ್ಷತ್ರಗಳನ್ನೆಲ್ಲ ಹುಡುಕಿ ಬರೆದವಳಿಗೆ ಒಂದೇ ಮನೆಯಲ್ಲಿರುವವಳ ಕಣ್ಣು ಕಂಡಿರಲಿಲ್ಲ.

"ಪುಟ್ಟಿ, ನಿನಗೆ ಕಣ್ಣು ಎಷ್ಟು ದಿನದಿಂದ ಕಾಣ್ತಿಲ್ಲ?"

ಪುಟ್ಟಿಯ ಕೈ ಕುರ್ಚಿಯ ಬೆನ್ನಿನ ಮೇಲೆ ನಿಂತಿತು.

"ಮನೇಲಿ ಕೋಣೆ ಮಾತಿಲ್ಲ ಅಂತ ಆಣೆ ಅಲ್ವಾ ಅತ್ತಿಗೆ."

"ಇದು ಮನೆಯಲ್ಲ."

ಪುಟ್ಟಿ ಕೂತಳು. ತಲೆ ಬಗ್ಗಿಸಿಕೊಂಡೇ ಹೇಳಿದಳು. "ಒಂಬತ್ತನೇ ತಟ್ಟೆವರೆಗೆ ನಾನೇ ನೋಡ್ದೆ. ಆಮೇಲೆ ನಡುವೆ ಒಂದು ಕಪ್ಪು ಬಂತು. ಸುತ್ತ ಕಾಣುತ್ತೆ, ನೋಡಬೇಕಾದ ಜಾಗದಲ್ಲೇ ಕಾಣಲ್ಲ. ಡಾಕ್ಟರು ಇದು ಸರಿಯಾಗೋದಲ್ಲ ಅಂದ್ರು. ನಾನೇ ದೊಡ್ಡವರ ಹತ್ರ ಹೋಗಿ ಹೇಳಿದೆ ಅತ್ತಿಗೆ, ಬೇರೆಯವರನ್ನ ಕೂರಿಸಿ, ನನಗೆ ಬೇರೆ ಕೆಲಸ ಕೊಡಿ ಅಂತ."

"ದೊಡ್ಡವರಿಗೆ ಹೇಳಿದ್ಯಾ? ಅವರಿಗೆ ಗೊತ್ತಾ?"

"ಹೊಸಬರನ್ನ ತಯಾರು ಮಾಡೋಕೆ ಒಂದು ವರ್ಷ ಬೇಕು, ಅಷ್ಟರಲ್ಲಿ ಇದನ್ನೇ ಹುಡುಕ್ತಿರೋ ಹೊರಗಿನ ತಂಡದವರು ಮುಂದೆ ಹೋಗ್ತಾರೆ ಅಂದ್ರು. ನಿಮ್ಮ ಅತ್ತಿಗೆ ಕಣ್ಣು ಬಂಗಾರ, ಅವರು ಕಂಡಿದ್ದು ತಪ್ಪಾಗಲ್ಲ, ಅದನ್ನೇ ನೋಡಿ ಬರೀರಿ ಅಂದ್ರು. ನಿಮ್ಮ ಪುಸ್ತಕ ತಪಾಸಣೆಗೆ ಅಂತ ಅವರ ಹತ್ರ ಹೋಗ್ತಿತ್ತಲ್ಲ, ಆಗ ನನಗೆ ಕೊಡ್ತಿದ್ರು. ದಪ್ಪ ಭೂತಗನ್ನಡಿಯೂ ಒಂದು ತರಿಸಿಕೊಟ್ರು. ನೂರಕ್ಕೆ ಆರು ಬಿಡಿ ಅಂದ್ರು. ಪೂರಾ ಬರೆದ್ರೆ ಯಾರೂ ನಂಬಲ್ಲ ಅಂತ."

ಇಲ್ಲಿಯವರೆಗೆ ಕಣ್ಣಕ್ಕ ಇದನ್ನು ನಾದಿನಿಯ ತಪ್ಪು ಎಂದುಕೊಂಡಿದ್ದಳು, ಹೆದರಿದ ಒಬ್ಬ ಹೆಂಗಸು ಕೆಲಸ ಉಳಿಸಿಕೊಳ್ಳಲು ಮಾಡಿದ್ದು ಎಂದು. ಆರು ಎನ್ನುವ ಅಂಕಿ ಬೇರೆ ಕಡೆಯಿಂದ ಬಂದಿತ್ತು. ಬೇಲಿ ಎದ್ದು ಹೊಲ ಮೇಯ್ದದ್ದಷ್ಟೇ ಅಲ್ಲ, ಎಷ್ಟು ತೆನೆ ಉಳಿಸಿದರೆ ಕಣ್ಣಿಗೆ ಬೀಳುವುದಿಲ್ಲ ಎಂದು ಮೊದಲೇ ಎಣಿಸಿ ಮೇಯ್ದಿತ್ತು.

"ನನಗೆ ಯಾಕೆ ಹೇಳಲಿಲ್ಲ?"

"ಯಾವಾಗ ಹೇಳಲಿ? ಮೂರುಮಣಿ ಕಂಡ ದಿನ ನಾನು ಬಟ್ಟೆ ಮಡಿಸ್ತಿದ್ದಾಗ ನೀವು ಒಬ್ಬರೇ ನಕ್ರಲ್ಲ, ಆಗ ಹೇಳಲಾ? ನಿಮ್ಮ ಹೆಸರು ಅಚ್ಚಾಗಿ ಬಂದಾಗ ಹೇಳಲಾ?" ಪುಟ್ಟಿಯ ದನಿ ಮೊದಲ ಬಾರಿಗೆ ಏರಿತು. "ಆಣೆ ಹಾಕಿಸಿದ್ದು ನೀವು. ನಾನು ಮುರೀಲಿಲ್ಲ. ಅದೊಂದನ್ನಾದ್ರೂ ಮುರೀಲಿಲ್ಲ."

ಆ ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಇಳಿಯುವಾಗ ಕಣ್ಣಕ್ಕ ನಾದಿನಿಯ ರಟ್ಟೆ ಹಿಡಿದು, "ಮೆಟ್ಟಿಲಿದೆ," ಎಂದಳು.

ಮಂಗಳವಾರ ಬೆಳಿಗ್ಗೆ ದೊಡ್ಡವರು ಕರೆಸಿದರು. ಅವರ ಕೋಣೆಯಲ್ಲಿ ಕಪ್ಪು ಹಲಗೆ, ಅದರ ಮೇಲೆ ಒರೆಸಬಾರದೆಂದು ಚೌಕ ಹಾಕಿದ ಸಮೀಕರಣಗಳು. ಶೇಕಡಾ ಮೊದಲೇ ಬಂದು ಮೂಲೆಯಲ್ಲಿ ನಿಂತಿದ್ದ. ಅವನು ಎಲ್ಲ ಹೇಳಿಬಿಟ್ಟಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು. ದೊಡ್ಡವರು ಗಾಬರಿಯಾಗಿರುತ್ತಾರೆ, ಕೂಗಾಡುತ್ತಾರೆ, ಇಲ್ಲವೇ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಾರೆ ಎಂದು ಕಣ್ಣಕ್ಕ ಎಣಿಸಿದ್ದಳು. ಅವರು ಟೀ ತರಿಸಿದ್ದರು.

"ಕೂತ್ಕೊಳ್ಳಿ ಅಮ್ಮಾ. ಇದೊಂದು ರುಜು ಬೇಕಿತ್ತು."

ಪತ್ರಿಕೆಯವರು ಕೇಳಿದ ಹೇಳಿಕೆ. ಎರಡೂ ಕೋಣೆಗಳು ಒಂದರ ಬರಹ ಇನ್ನೊಂದಕ್ಕೆ ತಿಳಿಯದಂತೆ, ಸ್ವತಂತ್ರವಾಗಿ ಎಲ್ಲ ತಟ್ಟೆಗಳನ್ನೂ ನೋಡಿವೆ ಎಂದು. ಕೆಳಗೆ ಎರಡು ಗೀಟು. ಒಂದರ ಮೇಲೆ ಪುಟ್ಟಿಯ ರುಜು ಆಗಲೇ ಇತ್ತು, ಗೀಟಿನಿಂದ ಬೆರಳಗಲ ಮೇಲೆ ತೇಲುತ್ತಿತ್ತು.

"ಸಾರ್, ಎರಡನೇ ಕೋಣೆ ನೋಡೇ ಇಲ್ಲ."

"ಮೂರುಮಣಿ ಇದೆ ತಾನೇ?" ದೊಡ್ಡವರು ಮೆಲ್ಲಗೆ ಕೇಳಿದರು. "ನಾನೇ ನೋಡಿದ್ದೀನಿ. ಜಗತ್ತಿನ ಯಾರು ಬೇಕಾದರೂ ಬಂದು ನೋಡಲಿ. ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ? ಹಿಂದಿನ ಸರಣಿಯಲ್ಲೂ ತಾಳೆ ತೊಂಬತ್ತನಾಲ್ಕೇ ಬಂದಿತ್ತು. ಅದೇ ಕಣ್ಣು, ಅದೇ ಯಂತ್ರ. ಹೊಸದಾಗಿ ನೋಡಿದ್ದರೂ ಅಷ್ಟೇ ಬರುತ್ತಿತ್ತು. ನಾವು ಕಾಲ ಉಳಿಸಿದ್ದೀವಿ, ಅಷ್ಟೆ."

"ಹಿಂದಿನ ಸಲ ನಾನು ಎಷ್ಟು ಬಿಟ್ಟಿದ್ದೀನಿ ಅಂತ ಪುಟ್ಟಿ ಕಣ್ಣಿಂದ ಗೊತ್ತಾಯ್ತು ಸಾರ್. ಈ ಸಲ ಎಷ್ಟು ಬಿಟ್ಟಿದ್ದೀನಿ ಅಂತ ಯಾರ ಕಣ್ಣಿಂದ ಗೊತ್ತಾಗುತ್ತೆ?" ಅವಳು ಟೀ ಮುಟ್ಟಲಿಲ್ಲ. "ನನ್ನ ಕಣ್ಣಿಗೂ ಎರಡು ವರ್ಷ ಜಾಸ್ತಿ ಆಗಿದೆ. ನಾನು ಕಾಣದೇ ದಾಟಿದ ಮೂರುಮಣಿ ಇನ್ನೂ ಎರಡು ಇರಬಹುದು, ನಾಲ್ಕಿರಬಹುದು. ಆಗ ನೀವು ಇಷ್ಟು ಅಪರೂಪ ಅಂತ ಬರೆದಿರೋದು ಸುಳ್ಳು."

ಮೂಲೆಯಲ್ಲಿ ಶೇಕಡಾ, "ಅವರು ಹೇಳ್ತಿರೋದು ಸರಿ," ಎಂದ. ಯಾರೂ ಅವನ ಕಡೆ ತಿರುಗಲಿಲ್ಲ.

"ಎರಡನೇ ಸಲ ನೋಡಿಸೋಣ ಅಂತೀರಾ?" ದೊಡ್ಡವರು ಟೀ ಮುಂದೆ ಸರಿಸಿದರು. "ಒಂದೂವರೆ ವರ್ಷ. ಹೊರಗಿನ ತಂಡ ಮೂರು ತಿಂಗಳಲ್ಲಿ ಪ್ರಕಟಿಸುತ್ತೆ. ಆಮೇಲೆ ನಿಮ್ಮದು ಎರಡನೆಯದು. ಎರಡನೆಯವರ ಹೆಸರು ಯಾರಿಗೆ ನೆನಪಿರುತ್ತೆ? ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ಬಂದಿದೆ ಅಮ್ಮಾ. ಕೈಗೆ ಬಂದ ತುತ್ತು."

ಅವರು ಸರಿಯಾದ ಜಾಗಕ್ಕೇ ಸೂಜಿ ಚುಚ್ಚಿದ್ದರು. ಕಣ್ಣಕ್ಕನ ಕಣ್ಣು ಮೇಜಿನ ಮೇಲಿದ್ದ ಕರಡಿಗೆ ಹೋಯಿತು. ನಲವತ್ತಮೂರನೆಯ ಹೆಸರು. ಅದನ್ನು ಓದಿ ಗಂಡ ಹಲ್ಲು ಬಿಟ್ಟು ನಕ್ಕದ್ದು. ಆ ಗಾಜಿನೊಳಗೆ ಇನ್ನಾರೂ ಕಾಣುವ ಮೊದಲು ತಾನೊಬ್ಬಳೇ ಕಂಡ ಆ ಮೂರು ಮಣಿ, ಕಂಡಾಗ ಕೋಣೆಯೆಲ್ಲ ಗಕ್ಕನೆ ನಿಂತಂತಾದದ್ದು. ರುಜು ಹಾಕಿದರೆ ಅದು ತನ್ನದು. ಹಾಕದಿದ್ದರೆ ಬೇರೆ ಯಾರೋ ಬೇರೆ ಎಲ್ಲೋ ಕಂಡದ್ದು ಮೊದಲನೆಯದಾಗುತ್ತದೆ, ತಾನು ಮತ್ತೆ ಇರುವೆಯಷ್ಟು ಸಣ್ಣ ಅಕ್ಷರದ ಸಹಾಯಕ ಸಿಬ್ಬಂದಿ.

ಲೇಖನಿ ಎತ್ತಿಕೊಂಡಳು. ನಾಚಿಕೆಯ ಮಾತಾದರೂ ನಿಜ, ಎತ್ತಿಕೊಂಡಳು.

ಆಗ ಪುಟ್ಟಿಯ ರುಜು ಕಂಡಿತು. ಗೀಟು ಕಾಣದೆ ಗಾಳಿಯಲ್ಲಿ ಹಾಕಿದ ರುಜು. ಯಾರೋ ಬೆರಳು ಹಿಡಿದು "ಇಲ್ಲಿ" ಎಂದಿರಬೇಕು. ಕಣ್ಣು ಹೋದವಳನ್ನು ಇವರು ಕರುಣೆಯಿಂದ ಇಟ್ಟುಕೊಂಡಿರಲಿಲ್ಲ. ಕಣ್ಣು ಹೋದದ್ದಕ್ಕಾಗಿಯೇ ಇಟ್ಟುಕೊಂಡಿದ್ದರು.

ಕಣ್ಣಕ್ಕ ಲೇಖನಿಯ ಮುಚ್ಚಳ ಹಾಕಿದಳು.

"ನನ್ನ ಹೆಸರು ಹೊಡೆದುಹಾಕಿ ಸಾರ್. ಕೊನೇ ಹಾಳೆ ಹಾಗೇ ಇರಲಿ. ಎರಡನೇ ಕೋಣೇಲಿ ಕಣ್ಣಿರೋರು ಕೂತು ನೋಡಿದ ಮೇಲೆ ನನ್ನ ರುಜು."

ದೊಡ್ಡವರ ಮುಖದಲ್ಲಿ ಅದೇ ನಗು ಇತ್ತು, ಆದರೆ ಈಗ ಅದು ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಅಲ್ಲಿ ಬಿದ್ದಿತ್ತು.

"ಪುಸ್ತಕ ಸಂಸ್ಥೆಯದು. ನಿಮ್ಮದಲ್ಲ," ಎಂದು ಗಂಟೆ ಒತ್ತಿದರು. "ನಿಮ್ಮ ನಾದಿನಿಯನ್ನ ಕರೆಸ್ತೀನಿ. ಅವರಿಗೆ ನಿಮಗಿಂತ ವ್ಯವಹಾರ ತಿಳಿಯುತ್ತೆ."

ಪುಟ್ಟಿ ಬಂದಳು. ಬಾಗಿಲಲ್ಲಿ ನಿಂತು ಯಾರು ಎಲ್ಲಿದ್ದಾರೆಂದು ಮುಖ ಓರೆ ಮಾಡಿ ನೋಡಿದಳು, ನಡುವಿನ ಕತ್ತಲೆಯನ್ನು ಪಕ್ಕಕ್ಕೆ ಸರಿಸುವವಳಂತೆ. ದೊಡ್ಡವರು ಒಂದನೇ ಕೋಣೆಯ ಪುಸ್ತಕದ ಕೊನೆಯ ಹಾಳೆ ಬಿಡಿಸಿ ಮೇಜಿನ ಅಂಚಿಗೆ ತಳ್ಳಿದರು. ಅದರ ಪಕ್ಕದಲ್ಲಿ ಒಂದು ಬ್ಲೇಡು ಇಟ್ಟರು.

"ಈ ಹಾಳೆ ಬೇಡ. ಹೊಲಿಗೆ ಪಕ್ಕದಲ್ಲೇ ಕತ್ತರಿಸಿ ತೆಗೆದುಬಿಡಿ. ನೀಟಾಗಿ. ಆಮೇಲೆ ಎರಡು ಪುಸ್ತಕಾನೂ ಒಂದೇ ಹೇಳುತ್ತೆ, ತಾಪತ್ರಯ ಇಲ್ಲ. ಬೇರೆ ಕೆಲಸ ಕೊಡಿ ಅಂತ ಕೇಳಿದ್ರಲ್ಲ, ಅತಿಥಿ ವಿಭಾಗದಲ್ಲಿ ಕಾಯಂ ಮಾಡಿಸ್ತೀನಿ."

ಕಣ್ಣಕ್ಕ ಕೈ ಚಾಚಿ ಪುಸ್ತಕ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಎರಡು ವರ್ಷದಿಂದ ಎಲ್ಲರೂ ಪುಟ್ಟಿಯ ಬೆರಳು ಹಿಡಿದು ಬರೆಸಿದ್ದರು, ತಾನೂ ಒಂದು ಆಣೆ ಹಾಕಿಸಿ ಬಾಯಿ ಹೊಲಿದಿದ್ದಳು. ಇನ್ನು ಸಾಕು ಎನ್ನಿಸಿತು. ಕುರ್ಚಿಯಿಂದ ಎದ್ದು ಹೋಗಿ ನಾದಿನಿಯ ಪಕ್ಕ, ಭುಜಕ್ಕೆ ಭುಜ ತಾಕುವಷ್ಟು ಹತ್ತಿರ, ಸುಮ್ಮನೆ ನಿಂತಳು.

ಪುಟ್ಟಿ ಬ್ಲೇಡು ತೆಗೆದುಕೊಂಡಳು. ಎಡಗೈಯ ಬೆರಳಿನಿಂದ ಹಾಳೆಯನ್ನು ತಡವಿದಳು, ಮೇಲಿನಿಂದ ಕೆಳಗೆ. ಪೆನ್ಸಿಲ್ ಒತ್ತಿದ ಕಡೆ ಬೆರಳು ನಿಂತಿತು.

"ಇದೇನಾ ಅತ್ತಿಗೆ, ಕೆಂಪಿಂದು?"

"ಹೂಂ. ಅದೇ."

"ಇಷ್ಟು ಒತ್ತಿ ಬರೆದಿದ್ದೀರಲ್ಲ. ಕಣ್ಣು ಬೇಡ, ಕೈಗೇ ಸಿಗುತ್ತೆ." ಪುಟ್ಟಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ನಾನು ಹಾಳೆ ತಿರುಗಿಸಿ ಒಂದ್ಸಲ ಕೈಯಾಡಿಸಿದ್ದಿದ್ರೆ ಸಿಕ್ಕೇ ಬೀಳ್ತಿರಲಿಲ್ಲ."

"ಬೇಗ ಅಮ್ಮಾ," ಎಂದರು ದೊಡ್ಡವರು.

ಪುಟ್ಟಿ ಬ್ಲೇಡನ್ನು ಮೇಜಿನ ಮೇಲಿಟ್ಟಳು. ಪುಸ್ತಕ ಮುಚ್ಚಿ, ಮೇಲೆ ಎರಡೂ ಅಂಗೈ ಊರಿದಳು.

"ನಾನು ಕತ್ತರಿಸಲ್ಲ ಸಾರ್," ಎಂದಳು. "ಆವತ್ತು ನೀವು ಹೇಳಿದ್ದು ಮಾಡ್ದೆ. ಇವತ್ತು ಮಾಡಲ್ಲ."